ಒಬ್ಬ ಜೀತಗಾರನಿಗೆ ಮೂರು ಕಾನೂನು: ಮೋಶೆಯ ಧರ್ಮಶಾಸ್ತ್ರ ಒಂದೇ ಸಲ ಬಂದದ್ದಾ?

ಸಂಜೆ_ಓದು

ಬೈಬಲಿನ ಹಳೆಯ ಒಡಂಬಡಿಕೆಯನ್ನು ಮೊದಲಿಂದ ಸಾಲಾಗಿ ಓದುತ್ತಿದ್ದೇನೆ. ಭಕ್ತಿಯಿಂದಲ್ಲ, ಹಳೆಯ ಪುಸ್ತಕ ಎಂಬ ಆಸೆಯಿಂದ. ಕಥೆಗಳೆಲ್ಲ ಸಲೀಸಾಗಿ ಹೋದವು. ಮೋಶೆಯ ಧರ್ಮಶಾಸ್ತ್ರ, ಅಂದರೆ ಮೊದಲ ಐದು ಪುಸ್ತಕಗಳ ಕಾನೂನುಗಳ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಸಾಲಕ್ಕೆ ಜೀತ ಬಿದ್ದ ಇಬ್ರಿಯನ (ಇಸ್ರಾಯೇಲ್ಯನ) ವಿಷಯವನ್ನೇ ನೋಡಿ. ವಿಮೋಚನಕಾಂಡ 21ರಲ್ಲಿ ಆರು ವರ್ಷ ದುಡಿದರೆ ಏಳನೆಯ ವರ್ಷ ಬಿಡುಗಡೆ. ಆದರೆ ಯಜಮಾನನೇ ಮದುವೆ ಮಾಡಿಸಿದ್ದರೆ ಹೆಂಡತಿ ಮಕ್ಕಳು ಯಜಮಾನನ ಪಾಲು. ಅಪ್ಪ ಮಾರಿದ ಮಗಳಿಗೆ ಈ ಬಿಡುಗಡೆಯೂ ಇಲ್ಲ. ಧರ್ಮೋಪದೇಶಕಾಂಡ 15ಕ್ಕೆ ಬಂದರೆ, ಗಂಡಾಗಲಿ ಹೆಣ್ಣಾಗಲಿ ಬಿಡಲೇಬೇಕು, ಬರಿಗೈಲಿ ಕಳಿಸಬಾರದು, ಕುರಿ, ಕಾಳು, ದ್ರಾಕ್ಷಾರಸ ಕೊಟ್ಟು ಕಳಿಸಬೇಕು. ಯಾಜಕಕಾಂಡ 25 ಇನ್ನೂ ಮುಂದೆ ಹೋಗುತ್ತದೆ. ಸ್ವಂತ ಜನರನ್ನು ಜೀತದವರಂತೆ ದುಡಿಸಲೇಬಾರದು, ಕೂಲಿಯವರ ಹಾಗೆ ನಡೆಸಿಕೊಳ್ಳಬೇಕು ಅನ್ನುತ್ತದೆ. ಆದರೆ ಬಿಡುಗಡೆ ಮಾತ್ರ ಐವತ್ತನೇ ವರ್ಷದ ಜೂಬಿಲಿಗೆ!

ಮೂರನ್ನೂ ದೇವರು ಮೋಶೆಯ ಮೂಲಕ ಕೊಟ್ಟದ್ದು ಎಂದೇ ಇದೆ. ಹಾಗಾದರೆ ಊರ ಹಿರಿಯರ ಮುಂದೆ ಜೀತದವನೊಬ್ಬ ಬಂದು ನಿಂತರೆ ಯಾವುದನ್ನು ನೋಡಿ ನ್ಯಾಯ ಹೇಳುತ್ತಿದ್ದರು? ತಿಳಿದವರು ಹೇಳಿ. ಜಗಳ ಬೇಡ.

ಹಳೇಕಲ್ಲು

ಜಗಳ ಬೇಡ ಅಂದರೆ ಇಲ್ಲಿ ಬಿಡುವವರು ಯಾರು :)

ನೀವು ಹಿಡಿದ ಎಳೆ ಸರಿಯಾಗಿದೆ. ವಿದ್ವಾಂಸರು ಈ ಪುಸ್ತಕಗಳೊಳಗೆ ಬೇರೆ ಬೇರೆ ಕಾಲದ ಕಾನೂನು ಕಟ್ಟುಗಳನ್ನು ಗುರುತಿಸುತ್ತಾರೆ. ವಿಮೋಚನಕಾಂಡ 20ರ ಕೊನೆಯಿಂದ 23ರವರೆಗಿನದು ಒಡಂಬಡಿಕೆ ಸಂಹಿತೆ. ಇದೇ ಎಲ್ಲಕ್ಕಿಂತ ಹಳೆಯದು ಎಂದು ಹೆಚ್ಚಿನವರ ಅಭಿಪ್ರಾಯ. ಧರ್ಮೋಪದೇಶಕಾಂಡ 12ರಿಂದ 26 ಇನ್ನೊಂದು. ಪುರೋಹಿತರ ಕಾನೂನು ಮತ್ತೊಂದು. ಯಾಜಕಕಾಂಡ ಪೂರ್ತಿ ಅದೇ, ವಿಮೋಚನಕಾಂಡ ಮತ್ತು ಅರಣ್ಯಕಾಂಡದಲ್ಲೂ ಅದು ಹರಡಿದೆ. ಅದರೊಳಗೇ ಯಾಜಕಕಾಂಡ 17ರಿಂದ 26ರ ದನಿ ಬೇರೆ. ‘ಪರಿಶುದ್ಧರಾಗಿರಿ’ ಎಂಬ ಒತ್ತಾಯ ಅಲ್ಲಿ ಮತ್ತೆ ಮತ್ತೆ ಬರುತ್ತದೆ. 1877ರಲ್ಲಿ ಕ್ಲೋಸ್ಟರ್‌ಮನ್ ಎಂಬ ಜರ್ಮನ್ ವಿದ್ವಾಂಸ ಆ ಭಾಗಕ್ಕೆ ಪಾವಿತ್ರ್ಯ ಸಂಹಿತೆ ಎಂದು ಹೆಸರಿಟ್ಟ. ನೀವು ಹೇಳಿದ ಮೂರು ಕಾನೂನುಗಳು ಈ ಮೂರು ಕಡೆಯಿಂದ ಬಂದವು.

ಕಾಲ ಹೇಗೆ ಗೊತ್ತಾಯಿತು ಅಂದರೆ, ಬಲಿಪೀಠದ ವಿಷಯದಿಂದ. ವಿಮೋಚನಕಾಂಡ 20:24ರಲ್ಲಿ ದೇವರು ತನ್ನ ಹೆಸರನ್ನು ನೆನಪಿಗೆ ತರುವ ಎಲ್ಲ ಕಡೆಯೂ ಬಲಿಪೀಠ ಇರಬಹುದು. ಧರ್ಮೋಪದೇಶಕಾಂಡ 12ರಲ್ಲಿ ಇರುವುದು ಒಂದೇ ಜಾಗ, ದೇವರು ಆರಿಸಿಕೊಂಡದ್ದು. ಊರೂರಿನ ಗುಡಿಗಳನ್ನು ಕೆಡವಬೇಕು. ಈಗ ಎರಡನೆಯ ಅರಸುಗಳು 22 ಮತ್ತು 23 ಓದಿ. ಕ್ರಿ.ಪೂ. 622ರ ಹೊತ್ತಿಗೆ, ಯೆಹೂದದ ಅರಸ ಯೋಷೀಯನ ಆಳ್ವಿಕೆಯ 18ನೇ ವರ್ಷದಲ್ಲಿ, ದೇವಾಲಯದ ದುರಸ್ತಿ ನಡೆಯುವಾಗ ಮಹಾಯಾಜಕ ಹಿಲ್ಕೀಯನಿಗೆ ಒಂದು ಸುರುಳಿ ‘ಸಿಗುತ್ತದೆ’. ಲೇಖಕ ಶಾಫಾನ ಅದನ್ನು ಅರಸನಿಗೆ ಓದಿ ಹೇಳುತ್ತಾನೆ. ಅರಸ ಬಟ್ಟೆ ಹರಿದುಕೊಳ್ಳುತ್ತಾನೆ. ಹುಲ್ದಾ ಎಂಬ ಪ್ರವಾದಿನಿಯ ಹತ್ತಿರ ಕೇಳಿಸಿ, ಆಮೇಲೆ ಊರೂರಿನ ಪೂಜಾಸ್ಥಳಗಳನ್ನು ಒಡೆಸುತ್ತಾನೆ. ಅವನು ಮಾಡಿದ್ದೆಲ್ಲ ಧರ್ಮೋಪದೇಶಕಾಂಡ ಹೇಳುವಂತೆಯೇ ಇದೆ. ಸಿಕ್ಕ ಸುರುಳಿ ಆ ಪುಸ್ತಕದ ಒಂದು ರೂಪ ಎಂಬ ವಾದಕ್ಕೆ 1805ರಲ್ಲಿ ಡಿ ವೆಟ್ಟೆ ಎಂಬ ಇನ್ನೊಬ್ಬ ಜರ್ಮನ್ ವಿದ್ವಾಂಸ ಬುನಾದಿ ಹಾಕಿದ. ಆವತ್ತಿನಿಂದ ಈ ಚರ್ಚೆ ಪೂರ್ತಿ 622 ಎಂಬ ಆ ಒಂದು ತಾರೀಖಿಗೆ ಕಟ್ಟಿಕೊಂಡಿದೆ.

ನನಗೆ ಇಷ್ಟವಾಗುವುದು ಇದರ ಪರಿಣಾಮಗಳು. ಊರಿನ ಬಲಿಪೀಠ ಹೋದ ಮೇಲೆ ಮಾಂಸ ತಿನ್ನುವುದು ಹೇಗೆ? ಅದಕ್ಕೆ 12:15ರಲ್ಲಿ ಹೊಸ ಅನುಮತಿ. ಬಲಿ ಕೊಡದೆಯೂ ನಿಮ್ಮ ಊರಲ್ಲೇ ಕೊಯ್ದು ತಿನ್ನಿ. ಅಕಸ್ಮಾತ್ ಕೊಲೆ ಮಾಡಿದವನು ಮೊದಲು ಬಲಿಪೀಠಕ್ಕೆ ಓಡಿ ರಕ್ಷಣೆ ಪಡೆಯುತ್ತಿದ್ದ. ಈಗ ಎಲ್ಲಿಗೆ ಓಡಬೇಕು? 19ನೇ ಅಧ್ಯಾಯದಲ್ಲಿ ಅವನಿಗೆ ಆಶ್ರಯದ ಪಟ್ಟಣಗಳು ಬಂದವು. ಮನೆಯ ಬಾಗಿಲಿಗೆ ರಕ್ತ ಹಚ್ಚಿ ಮನೆಯಲ್ಲೇ ಮಾಡುತ್ತಿದ್ದ ಪಸ್ಕ ಹಬ್ಬ ಯೆರೂಸಲೇಮಿನ ಯಾತ್ರೆಯಾಯಿತು. ಒಂದು ನಿಯಮ ಬದಲಾದರೆ ಅದರ ಹಿಂದೆ ಹತ್ತು ನಿಯಮ ತಿದ್ದಬೇಕಾಗುತ್ತದೆ ಅಲ್ವಾ? ತಿದ್ದಿದವರು ತುಂಬಾ ಜಾಣರು. ಒಂದನ್ನೂ ಮರೆತಿಲ್ಲ.

ಬಿಸಿಲೂರು

ಇಷ್ಟೆಲ್ಲ ಯಾಕೆ? ಬಾಬಿಲೋನಿನ ಅರಸ ಹಮ್ಮುರಾಬಿಯದ್ದನ್ನು ಕದ್ದದ್ದು ಅಂತ ಒಂದೇ ಸಾಲಿನಲ್ಲಿ ಹೇಳಬಹುದಿತ್ತು.

ಕರಿಕೋಟು

ಹೇಳಬಹುದು, ಆದರೆ ಆ ಸಾಲು ನಿಲ್ಲುವುದಿಲ್ಲ ಬಿಸಿಲೂರು ಅವರೇ. ನಾನು ವೃತ್ತಿಯಲ್ಲಿ ವಕೀಲ. ಹಾಗಾಗಿ ಹಾಯುವ ಎತ್ತಿನ ಕೇಸನ್ನು ಪೂರ್ತಿ ಇಡುತ್ತೇನೆ.

ಹಮ್ಮುರಾಬಿಯ ಕಾನೂನು ಕೆತ್ತಿದ ಕಲ್ಲು 1901ರ ಕೊನೆಗೆ ಇರಾನಿನ ಸೂಸಾದಲ್ಲಿ ಸಿಕ್ಕಿತು, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಕ್ರಿ.ಪೂ. 1750ರ ಆಸುಪಾಸಿನದು. ಅದರಲ್ಲಿ 251ನೇ ಕಲಮು ಹೀಗಿದೆ: ಎತ್ತು ಹಾಯುತ್ತದೆ ಎಂದು ಊರಿನವರು ಎಚ್ಚರಿಸಿದ್ದರೂ ಕೊಂಬಿಗೆ ಕಾಪು ಹಾಕದೆ, ಕಟ್ಟದೆ ಬಿಟ್ಟು, ಅದು ಒಬ್ಬನನ್ನು ಕೊಂದರೆ ಮಾಲೀಕ ಅರ್ಧ ಮಿನಾ (ಆಗಿನ ತೂಕದ ಅಳತೆ) ಬೆಳ್ಳಿ ಕೊಡಬೇಕು. ವಿಮೋಚನಕಾಂಡ 21:29 ಇದೇ ಪ್ರಸಂಗ, ಇದೇ ಎಚ್ಚರಿಕೆ. ಆದರೆ ಶಿಕ್ಷೆ ಬೇರೆ. ಎತ್ತಿಗೂ ಕಲ್ಲೇಟು, ಮಾಲೀಕನಿಗೂ ಸಾವು, ಇಲ್ಲವೇ ಪ್ರಾಣಕ್ಕೆ ಬದಲು ಹಣ. ಎತ್ತಿನ ಮಾಂಸ ತಿನ್ನುವ ಹಾಗಿಲ್ಲ. ಬಾಬಿಲೋನಿನ ಕಾನೂನಿಗೆ ಎತ್ತು ಬರೀ ಆಸ್ತಿ. ಇಲ್ಲಿ ಎತ್ತಿನ ಮೇಲೆಯೇ ರಕ್ತದ ಹೊಣೆ ಬೀಳುತ್ತದೆ.

ಇನ್ನೂ ಹಳೆಯದು ಎಶ್ನುನ್ನ ಎಂಬ ಮೆಸೊಪೊಟೇಮಿಯದ ಪಟ್ಟಣದ ಕಾನೂನು. 1940ರ ದಶಕದಲ್ಲಿ ಬಾಗ್ದಾದ್ ಪಕ್ಕದ ತೆಲ್ ಹರ್ಮಲ್‌ನಲ್ಲಿ ಅದರ ಮಣ್ಣಿನ ಹಲಗೆಗಳು ಸಿಕ್ಕವು. ಒಂದು ಎತ್ತು ಇನ್ನೊಂದನ್ನು ಹಾದು ಕೊಂದರೆ ಬದುಕಿದ ಎತ್ತಿನ ಬೆಲೆಯನ್ನೂ ಸತ್ತದ್ದರ ಮಾಂಸವನ್ನೂ ಇಬ್ಬರೂ ಹಂಚಿಕೊಳ್ಳಬೇಕು ಎಂದು ಅಲ್ಲಿದೆ. ವಿಮೋಚನಕಾಂಡ 21:35ರಲ್ಲಿ ಇರುವುದು ಹೆಚ್ಚುಕಡಿಮೆ ಅದೇ ತೀರ್ಪು. ಹಮ್ಮುರಾಬಿಯಲ್ಲಿ ಈ ಕಲಮೇ ಇಲ್ಲ! ಹಾಗಾದರೆ ಯಾರದ್ದನ್ನು ಕದ್ದರು?

ಇದು ಇಡೀ ಪಶ್ಚಿಮ ಏಷ್ಯಾದ ಲಿಪಿಕಾರರ ಶಾಲೆಗಳಲ್ಲಿ ಓಡಾಡುತ್ತಿದ್ದ ಸಾಮಗ್ರಿ. 2010ರಲ್ಲಿ ಇಸ್ರೇಲಿನ ಹಾಚೋರ್‌ನಲ್ಲೇ ಇಂಥ ಕಾನೂನಿನ ಮಣ್ಣಿನ ಹಲಗೆ ಚೂರುಗಳು ಸಿಕ್ಕವು. ಅವು ಇಸ್ರಾಯೇಲ್ಯರಿಗಿಂತ ಎಷ್ಟೋ ಶತಮಾನ ಹಿಂದಿನವು, ಕಾನಾನ್ಯರ ಕಾಲದವು. ಡೇವಿಡ್ ರೈಟ್ ಎಂಬ ವಿದ್ವಾಂಸ 2009ರಲ್ಲಿ ನಿಮ್ಮ ಮಾತಿಗೆ ಹತ್ತಿರದ ವಾದವನ್ನು ದೊಡ್ಡದಾಗಿ ಮಂಡಿಸಿದ್ದಾನೆ. ಒಡಂಬಡಿಕೆ ಸಂಹಿತೆ ಹಮ್ಮುರಾಬಿಯ ಪಠ್ಯವನ್ನೇ ಮುಂದಿಟ್ಟುಕೊಂಡು ಬರೆದದ್ದು ಎಂದು. ಒಪ್ಪದವರೇ ಜಾಸ್ತಿ. ಆದರೆ ರೈಟ್ ಕೂಡ ಅದನ್ನು ಕಳ್ಳತನ ಅನ್ನುವುದಿಲ್ಲ. ಅದು ಗೆದ್ದ ಸಾಮ್ರಾಜ್ಯಕ್ಕೆ ಕೊಟ್ಟ ಉತ್ತರ ಅನ್ನುತ್ತಾನೆ.

ಇನ್ನೊಂದು ಸಂಗತಿ. ‘ಕಣ್ಣಿಗೆ ಕಣ್ಣು’ ಕಾಡು ಕಾಲದ್ದು, ಪರಿಹಾರ ಹಣ ನಾಗರಿಕ ಕಾಲದ್ದು ಎಂದು ಸುಮಾರು ಜನ ಅಂದುಕೊಂಡಿದ್ದಾರೆ. ಕ್ರಿ.ಪೂ. 2100ರ ಸುಮೇರಿನ ಅರಸ ಉರ್-ನಮ್ಮುವಿನ ಕಾನೂನಿನಲ್ಲಿ ಕಣ್ಣು ತೆಗೆದರೆ ಅರ್ಧ ಮಿನಾ ಬೆಳ್ಳಿ ದಂಡ. ಮೂರುನೂರು ವರ್ಷ ಆದ ಮೇಲಿನ ಹಮ್ಮುರಾಬಿಯಲ್ಲಿ ಕಣ್ಣಿಗೆ ಕಣ್ಣು, ಅದೂ ಮೇಲ್ವರ್ಗದವರ ಕಣ್ಣಿಗೆ ಮಾತ್ರ. ವಿಮೋಚನಕಾಂಡದಲ್ಲಿ ಜೀತದವನ ಕಣ್ಣು ಹೋದರೆ ಅವನನ್ನು ಬಿಟ್ಟುಬಿಡಬೇಕು. ಯಜಮಾನ ಬೇರೆಯವರಿಗೆ ದಂಡ ಕಟ್ಟುವುದಲ್ಲ, ಪೆಟ್ಟು ತಿಂದವನಿಗೇ ಬಿಡುಗಡೆ. ಅಂಥದ್ದು ಹಮ್ಮುರಾಬಿಯಲ್ಲಿ ಕಾಣುವುದಿಲ್ಲ.

ಬಿಸಿಲೂರು

ಸರಿ ವಕೀಲರೇ. ಹಾಯುವ ಎತ್ತಿನ ಮೇಲೆ ಇಷ್ಟು ಓದಿದವರು ಇದ್ದಾರೆ ಅಂತ ಗೊತ್ತಿರಲಿಲ್ಲ.

ಗ್ರೇಸ್_ಟೀಚರ್

ನಾನು ಪ್ರತಿ ಭಾನುವಾರ ಚರ್ಚಿಗೆ ಹೋಗುವವಳು. ಇಲ್ಲಿ ಬರೆದದ್ದನ್ನು ಓದಿ ಬೇಜಾರೇನೂ ಆಗಿಲ್ಲ. ಆದರೆ ಮೂರು ಕಾನೂನು ಅಂದ ಕೂಡಲೇ ಮೂರು ಕಾಲ ಎಂದು ತೀರ್ಮಾನ ಮಾಡುವುದು ಬೇಗ ಆಯಿತು. ಯೆಹೂದಿ ರಬ್ಬಿಗಳು, ಅಂದರೆ ಧರ್ಮಗುರುಗಳು, ಇದನ್ನು ಎರಡು ಸಾವಿರ ವರ್ಷದ ಹಿಂದೆಯೇ ನೋಡಿದ್ದಾರೆ. ಅವರ ಪ್ರಕಾರ ವಿಮೋಚನಕಾಂಡದ ಜೀತದವನು ಕಳ್ಳತನದ ದಂಡ ಕಟ್ಟಲಾಗದೆ ನ್ಯಾಯಸಭೆ ಮಾರಿದವನು. ಯಾಜಕಕಾಂಡದವನು ಬಡತನಕ್ಕೆ ತನ್ನನ್ನು ತಾನೇ ಮಾರಿಕೊಂಡವನು. ಸಂದರ್ಭ ಬೇರೆ, ಕಾನೂನೂ ಬೇರೆ.

ಇನ್ನೊಂದು. ಬೇರೆ ಬೇರೆ ಕಾಲದ್ದು ಎಂದೇ ಇಟ್ಟುಕೊಳ್ಳೋಣ. ಹೊಸದನ್ನು ಬರೆದವರು ಹಳೆಯದನ್ನು ಹರಿದು ಬಿಸಾಡಲಿಲ್ಲ ಯಾಕೆ? ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಹಳೇಕಲ್ಲು

ಟೀಚರ್, ಎರಡನೆಯ ಪ್ರಶ್ನೆಯೇ ಈ ಚರ್ಚೆಯ ಹೊಟ್ಟೆ. ಮೊದಲನೆಯದಕ್ಕೆ ಒಂದು ಮಾತು. ಕಳ್ಳ, ನ್ಯಾಯಸಭೆ ಎಂಬುದು ವಿಮೋಚನಕಾಂಡ 21:2ರಲ್ಲಿ ಇಲ್ಲ. ಮುಂದಿನ ಅಧ್ಯಾಯದ 22:3ರಿಂದ ತಂದು ಜೋಡಿಸಿದ್ದು. ರಬ್ಬಿಗಳು ಅಷ್ಟು ಕಷ್ಟಪಟ್ಟು ಹೊಂದಿಸಿದ್ದಾರೆ ಅಂದರೆ ಅವರಿಗೂ ಬಿರುಕು ಕಂಡಿತ್ತು ಎಂದೇ ಅರ್ಥ.

ಹರಿದು ಬಿಸಾಡದ್ದಕ್ಕೆ ನನ್ನ ಉತ್ತರ ಇದು. ಬಾಬಿಲೋನಿನಲ್ಲಿ ಕಾನೂನು ಅರಸನ ಮಾತು. ಕಲ್ಲಿನ ಮೇಲ್ತುದಿಯಲ್ಲಿ ಹಮ್ಮುರಾಬಿ ಶಮಶ್ ದೇವರ ಮುಂದೆ ನಿಂತಿದ್ದಾನೆ, ಆದರೆ ಕಾನೂನು ಹೇಳುವವನು ಅವನೇ. ಇಸ್ರಾಯೇಲಿನಲ್ಲಿ ಯಾವ ಅರಸನ ಹೆಸರಲ್ಲೂ ಒಂದೇ ಒಂದು ಕಾನೂನು ಕಟ್ಟು ಉಳಿದಿಲ್ಲ. ದಾವೀದನದ್ದಿಲ್ಲ, ಸೊಲೊಮೋನನದ್ದಿಲ್ಲ. ಎಲ್ಲವೂ ಸೀನಾಯಿ ಬೆಟ್ಟದಿಂದ, ಇಲ್ಲವೇ ಮೋವಾಬಿನ ಬಯಲಿನಲ್ಲಿ ಮೋಶೆಯ ಬಾಯಿಂದ. ಅರಸನ ಕಾನೂನನ್ನು ಮುಂದಿನ ಅರಸ ರದ್ದು ಮಾಡಬಹುದು. ದೇವರದ್ದನ್ನು ಯಾರು ರದ್ದು ಮಾಡುತ್ತಾರೆ? ಹಾಗಾಗಿ ಬದಲಾವಣೆ ಬೇಕಾದವನು ಅದೇ ಬೆಟ್ಟ, ಅದೇ ಮೋಶೆಯ ಹೆಸರಿನಲ್ಲಿ ಹೊಸದನ್ನು ಬರೆಯಬೇಕಾಯಿತು. ಹಳೆಯದೂ ಪಕ್ಕದಲ್ಲೇ ಉಳಿಯಿತು. ನಮ್ಮ ಹಳ್ಳಿಮನೆಗಳಲ್ಲಿ ಹಳೆಯ ಗೋಡೆ ಕೆಡವದೆ ಪಕ್ಕಕ್ಕೆ ಕೋಣೆ ಸೇರಿಸಿಕೊಂಡು ಹೋಗುವುದಿಲ್ಲವೇ, ಹಾಗೆ.

ಈ ಕೆಲಸಕ್ಕೆ ಅವರು ವೈರಿಯ ಭಾಷೆಯನ್ನೂ ಬಳಸಿದರು. ಕ್ರಿ.ಪೂ. 672ರಲ್ಲಿ ಅಶ್ಶೂರ ಸಾಮ್ರಾಜ್ಯದ ಅರಸ ಏಸರ್‌ಹದ್ದೋನ್ ತನ್ನ ಮಗನಿಗೆ ನಿಷ್ಠರಾಗಿರುವಂತೆ ಸಾಮಂತರಿಂದ ಆಣೆ ಮಾಡಿಸಿದ. ನಿನ್ನ ತಮ್ಮನಾಗಲಿ, ಮಗನಾಗಲಿ, ಮಗಳಾಗಲಿ, ಪ್ರವಾದಿಯಾಗಲಿ, ದ್ರೋಹದ ಮಾತಾಡಿದರೆ ಮುಚ್ಚಿಡಬಾರದು ಎಂದು ಅದರಲ್ಲಿದೆ. ಧರ್ಮೋಪದೇಶಕಾಂಡ 13 ತೆಗೆದು ನೋಡಿ. ಪ್ರವಾದಿ, ತಮ್ಮ, ಮಗ, ಮಗಳು, ಹೆಂಡತಿ, ಯಾರೇ ಬೇರೆ ದೇವರ ಕಡೆ ಕರೆದರೂ ಮುಚ್ಚಿಡಬೇಡ. ಅರಸನ ಜಾಗದಲ್ಲಿ ಯೆಹೋವ ಬಂದಿದ್ದಾನೆ, ಅಷ್ಟೇ. 2009ರಲ್ಲಿ ಟರ್ಕಿಯ ತೆಲ್ ತಾಯಿನಾತ್‌ನಲ್ಲಿ ಈ ಆಣೆಯ ಒಂದು ಪ್ರತಿ ಗುಡಿಯೊಳಗೇ ಸಿಕ್ಕಿತು. ಸಾಮಂತರ ನಾಡುಗಳಲ್ಲಿ ಅದನ್ನು ಇರಿಸುತ್ತಿದ್ದರು ಎನ್ನುವುದಕ್ಕೆ ಅದು ಸಾಕ್ಷಿ. ಯೆಹೂದದ ಅರಸ ಮನಸ್ಸೆಯೂ ಏಸರ್‌ಹದ್ದೋನನ ಸಾಮಂತ.

ಕರಿಕೋಟು

ಸಂಜೆ_ಓದು ಅವರ ಮೂಲ ಪ್ರಶ್ನೆಗೆ ಬರೋಣ. ಹಿರಿಯರು ಯಾವುದನ್ನು ನೋಡಿ ನ್ಯಾಯ ಹೇಳುತ್ತಿದ್ದರು? ನನ್ನ ಪ್ರಕಾರ ಯಾವುದನ್ನೂ ನೋಡುತ್ತಿರಲಿಲ್ಲ. ರೂಢಿಯೇ ಕಾನೂನು. ಹಮ್ಮುರಾಬಿಯ ಕಾಲದ ಸಾವಿರಾರು ಕರಾರು, ತೀರ್ಪುಗಳು ಸಿಕ್ಕಿವೆ. ಅವುಗಳಲ್ಲಿ ‘ಇಂಥ ಕಲಮಿನ ಪ್ರಕಾರ’ ಎಂದು ಆ ಕಲ್ಲನ್ನು ಉದ್ಧರಿಸುವ ಪದ್ಧತಿ ಇಲ್ಲ.

ಇಸ್ರಾಯೇಲಿನ ಕಡೆ ನಮಗೆ ಒಂದು ಅಪರೂಪದ ಅರ್ಜಿ ಸಿಕ್ಕಿದೆ. 1960ರಲ್ಲಿ, ಯಾವ್ನೆ ಹತ್ತಿರ ಕಡಲ ದಂಡೆಯ ಒಂದು ಸಣ್ಣ ಕೋಟೆಯಲ್ಲಿ. ಮಡಕೆ ಚೂರಿನ ಮೇಲೆ ಶಾಯಿಯಲ್ಲಿ ಬರೆದದ್ದು, ಕ್ರಿ.ಪೂ. ಏಳನೇ ಶತಮಾನದ ಕೊನೆಯದು, ಅಂದರೆ ಯೋಷೀಯನ ಕಾಲಕ್ಕೇ ಹೊಂದುವಂಥದ್ದು. ಕೊಯ್ಲಿನ ಆಳೊಬ್ಬ ಅಧಿಕಾರಿಗೆ ದೂರು ಕೊಡುತ್ತಿದ್ದಾನೆ. ನನ್ನ ಪಾಲಿನ ಕೊಯ್ಲು ಮುಗಿಸಿದೆ, ಕಾಳು ಅಳೆದು ಹಾಕಿದೆ, ಆದರೂ ಶೋಬಾಯನ ಮಗ ಬಂದು ನನ್ನ ಬಟ್ಟೆ ಕಿತ್ತುಕೊಂಡು ಹೋದ, ನನ್ನ ಜೊತೆ ಬಿಸಿಲಲ್ಲಿ ಕೊಯ್ದವರೆಲ್ಲ ಸಾಕ್ಷಿ ಹೇಳುತ್ತಾರೆ, ಬಟ್ಟೆ ವಾಪಸ್ ಕೊಡಿಸಿ. ಇಷ್ಟೇ.

ವಿಮೋಚನಕಾಂಡ 22:26ರಲ್ಲಿ ಸ್ಪಷ್ಟವಾಗಿದೆ, ಒತ್ತೆ ಇಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು ಎಂದು. ನಾನು ಆ ಆಳಿನ ವಕೀಲನಾಗಿದ್ದರೆ ಮೊದಲ ಸಾಲಿನಲ್ಲೇ ಅದನ್ನು ಹಾಕುತ್ತಿದ್ದೆ. ಅವನೂ ಹಾಕಿಲ್ಲ, ಅವನಿಗೆ ಬರೆದುಕೊಟ್ಟ ಲಿಪಿಕಾರನೂ ಹಾಕಿಲ್ಲ. ಕಾನೂನನ್ನು ಎತ್ತುವ ಬದಲು ಕರುಣೆ ಕೇಳುತ್ತಾನೆ. ಹಾಗಂತ ಆ ನೀತಿ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಅದಕ್ಕೂ ನೂರು ವರ್ಷ ಹಿಂದೆಯೇ ಪ್ರವಾದಿ ಆಮೋಸ, ಒತ್ತೆ ಬಟ್ಟೆಯ ಮೇಲೆ ಬಲಿಪೀಠದ ಪಕ್ಕ ಒರಗುವವರನ್ನು ಬೈದಿದ್ದಾನೆ. ಎಲ್ಲರಿಗೂ ತಿಳಿದ ನೀತಿ ಇತ್ತು. ನ್ಯಾಯಕ್ಕೆ ಬಂದಾಗ ತೆಗೆದು ಓದುವ ಪುಸ್ತಕ ಇರಲಿಲ್ಲ.

ಜೀತದ ಕಾನೂನು ಜಾರಿಯಾದ ಒಂದು ಪ್ರಸಂಗ ಯೆರೆಮೀಯ 34ರಲ್ಲಿದೆ. ಬಾಬಿಲೋನಿನ ಸೇನೆ ಯೆರೂಸಲೇಮಿಗೆ ಮುತ್ತಿಗೆ ಹಾಕಿದಾಗ ಅರಸ ಚಿದ್ಕೀಯ ಎಲ್ಲ ಇಬ್ರಿಯ ಗಂಡಾಳು ಹೆಣ್ಣಾಳುಗಳನ್ನು ಬಿಡಿಸಿದ. ಐಗುಪ್ತದವರು ಬರುತ್ತಿದ್ದಾರೆ ಎಂದು ಸೇನೆ ಸ್ವಲ್ಪ ಹಿಂದೆ ಸರಿಯಿತು. ಕೂಡಲೇ ಯಜಮಾನರು ಬಿಟ್ಟವರನ್ನೆಲ್ಲ ವಾಪಸ್ ಹಿಡಿದು ತಂದರು. ಕಷ್ಟ ಬಂದಾಗ ಮಾತ್ರ ನೆನಪಾಗುವ ಕಾನೂನು!

ನದಿದಾಟು

ನೀವೆಲ್ಲ ಜೀತ, ಎತ್ತು ಅಂತ ಕೂತಿದ್ದೀರಿ. ಮನಸ್ಸೆ ಕುಲದ ಚಲ್ಪಹಾದನ ಐದು ಹೆಣ್ಣುಮಕ್ಕಳನ್ನು ಯಾರೂ ಎತ್ತಲಿಲ್ಲವಲ್ಲ.

ಅರಣ್ಯಕಾಂಡ 27. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅಪ್ಪನಿಗೆ ಗಂಡುಮಕ್ಕಳಿಲ್ಲ, ನಮ್ಮ ಅಪ್ಪನ ಹೆಸರು ಯಾಕೆ ಅಳಿಯಬೇಕು, ಜಮೀನು ನಮಗೆ ಕೊಡಿ ಎಂದು ಎಲ್ಲರ ಮುಂದೆ ಕೇಳುತ್ತಾರೆ. ಮೋಶೆಗೆ ಉತ್ತರ ಗೊತ್ತಿಲ್ಲ. ದೇವರನ್ನು ಕೇಳುತ್ತಾನೆ. ‘ಅವರು ಹೇಳುವುದು ಸರಿ’ ಎಂಬ ಉತ್ತರ ಬರುತ್ತದೆ. ಕೇಸು ಮೊದಲು, ಕಾನೂನು ಆಮೇಲೆ. 36ನೇ ಅಧ್ಯಾಯದಲ್ಲಿ ಕುಲದ ಗಂಡಸರು ಮೇಲ್ಮನವಿ ಹಾಕುತ್ತಾರೆ. ಇವರು ಬೇರೆ ಕುಲಕ್ಕೆ ಮದುವೆಯಾದರೆ ಜಮೀನು ಹೋಗುತ್ತದಲ್ಲ ಎಂದು. ಹಾಗಾದರೆ ಸ್ವಂತ ಕುಲದಲ್ಲೇ ಮದುವೆಯಾಗಿ ಎಂದು ತಿದ್ದುಪಡಿ! ಒಂದೇ ಪುಸ್ತಕದೊಳಗೆ ಕಾನೂನು ಹುಟ್ಟಿದ್ದೂ ಮೊಟಕಾದದ್ದೂ ಕಾಣುತ್ತದೆ.

ಮಜಾ ಏನೆಂದರೆ, 1910ರಲ್ಲಿ ಸಮಾರ್ಯದಲ್ಲಿ ಸಿಕ್ಕ ಕ್ರಿ.ಪೂ. ಎಂಟನೇ ಶತಮಾನದ ಮಡಕೆ ಚೂರುಗಳಲ್ಲಿ ಎಣ್ಣೆ, ದ್ರಾಕ್ಷಾರಸ ಬಂದ ಲೆಕ್ಕ ಇದೆ. ಅವು ಬಂದ ಸೀಮೆಗಳಲ್ಲಿ ಎರಡರ ಹೆಸರು ನೋವಾ, ಹೊಗ್ಲಾ. ಅಂದರೆ ಮನಸ್ಸೆ ಕುಲದ ನಾಡಿನಲ್ಲಿ ಆ ಹೆಸರಿನ ಜಮೀನು ನಿಜವಾಗಿ ಇತ್ತು. ಆ ಜಮೀನಿಗೆ ಹೆಣ್ಣಿನ ಹೆಸರು ಹೇಗೆ ಬಂತು ಎಂದು ಕೇಳಿದವರಿಗೆ ಈ ಕಥೆ ಹೇಳುತ್ತಿದ್ದರೇನೋ ಎಂದು ನನ್ನ ಊಹೆ.

ಗ್ರೇಸ್_ಟೀಚರ್

ನದಿದಾಟು ಅಕ್ಕ, ಇದನ್ನು ನಾನು ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದೇನೆ. ಮಡಕೆ ಚೂರಿನ ಸಂಗತಿ ಮಾತ್ರ ಗೊತ್ತಿರಲಿಲ್ಲ. ಥ್ಯಾಂಕ್ಸ್.

ಹಳೇಕಲ್ಲು

ಕರಿಕೋಟು ಸರ್ ಹೇಳಿದ್ದಕ್ಕೆ ಪುಷ್ಟಿ ಕೊಡುವ ದೊಡ್ಡ ಸಾಕ್ಷಿ ಐಗುಪ್ತದಲ್ಲಿದೆ. ನೈಲ್ ನದಿಯ ನಡುವೆ, ಈಗಿನ ಅಸ್ವಾನ್ ಹತ್ತಿರ, ಎಲಿಫಂಟೈನ್ ಎಂಬ ದ್ವೀಪ. ಕ್ರಿ.ಪೂ. ಐದನೇ ಶತಮಾನದಲ್ಲಿ ಪಾರಸಿಯ ದೊರೆಗಳ ಕೈಕೆಳಗಿನ ಯೆಹೂದಿ ಸೈನಿಕರು ಸಂಸಾರ ಸಮೇತ ಅಲ್ಲಿದ್ದರು. ಅವರ ಅರಾಮಿಕ್ ಭಾಷೆಯ ಕಾಗದಪತ್ರಗಳು ಕಟ್ಟುಗಟ್ಟಲೆ ಸಿಕ್ಕಿವೆ. ಸಾಲದ ಪತ್ರ, ಮನೆ ಮಾರಾಟ, ಮದುವೆ ಕರಾರು. ಕಥೆ ಪುಸ್ತಕವೂ ಇದೆ, ಸಾಮ್ರಾಟ ದಾರ್ಯಾವೆಷನ ಶಾಸನದ ಪ್ರತಿಯೂ ಇದೆ. ಇಲ್ಲದ್ದು ಒಂದೇ, ಮೋಶೆಯ ಧರ್ಮಶಾಸ್ತ್ರ. ಒಂದು ಸಾಲೂ ಇಲ್ಲ.

ಅಲ್ಲಿ ಅವರದೇ ಯಾಹು (ಯೆಹೋವ) ದೇವಾಲಯ ಇತ್ತು. ಬಲಿಯೂ ನಡೆಯುತ್ತಿತ್ತು. ಧರ್ಮೋಪದೇಶಕಾಂಡದ ಪ್ರಕಾರ ಇದು ದೊಡ್ಡ ತಪ್ಪು. ಕ್ರಿ.ಪೂ. 410ರಲ್ಲಿ ಪಕ್ಕದ ಖ್ನುಮ್ ಎಂಬ ಐಗುಪ್ತ ದೇವರ ಗುಡಿಯ ಪೂಜಾರಿಗಳು ಸ್ಥಳೀಯ ಅಧಿಕಾರಿಯ ಜೊತೆ ಸೇರಿ ಅದನ್ನು ಕೆಡವಿಸಿದರು. 407ರಲ್ಲಿ ಇವರು ಯೆಹೂದದ ರಾಜ್ಯಪಾಲನಿಗೆ ಪತ್ರ ಬರೆದು, ಮತ್ತೆ ಕಟ್ಟಲು ಸಹಾಯ ಕೇಳಿದರು. ನಾವು ತಪ್ಪು ಮಾಡಿದ್ದೇವೆ ಎಂಬ ಅಳುಕು ಎಲ್ಲೂ ಇಲ್ಲ. ಬಂದ ಉತ್ತರವೂ ಒಂದೇ ಜಾಗದ ಕಾನೂನನ್ನು ಎತ್ತುವುದಿಲ್ಲ. ಧಾನ್ಯದ ನೈವೇದ್ಯ, ಧೂಪ ಅರ್ಪಿಸಬಹುದು ಅನ್ನುತ್ತದೆ. ಪ್ರಾಣಿಬಲಿಯ ಮಾತನ್ನು ಮಾತ್ರ ಆಡುವುದಿಲ್ಲ. ಆ ಮೌನದ ಮೇಲೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ.

ನದಿದಾಟು ಅವರಿಗೆ ಒಂದು ಬೋನಸ್. ಅಲ್ಲಿನ ಮದುವೆ ಕರಾರುಗಳಲ್ಲಿ ಹೆಂಡತಿಯೂ ಎದ್ದು ನಿಂತು ‘ನನಗೆ ಈ ಗಂಡ ಬೇಡ’ ಎಂದು ವಿಚ್ಛೇದನ ಕೊಡಬಹುದು. ಧರ್ಮೋಪದೇಶಕಾಂಡ 24ರಲ್ಲಿ ಪತ್ರ ಬರೆದು ಕೊಡುವವನು ಗಂಡ ಮಾತ್ರ.

ಊಟದ ಕಾನೂನಿನದೂ ಇದೇ ಕಥೆ. ರೆಕ್ಕೆ, ಪೊರೆ ಎರಡೂ ಇರುವ ಮೀನನ್ನು ಮಾತ್ರ ತಿನ್ನಬಹುದು ಎಂದು ಯಾಜಕಕಾಂಡ 11 ಹೇಳುತ್ತದೆ. ಪೊರೆ ಇಲ್ಲದ ಕ್ಯಾಟ್‌ಫಿಶ್ ಮೂಳೆಗಳು ಅರಸರ ಕಾಲದ ಯೆರೂಸಲೇಮಿನಲ್ಲೂ ಸಿಗುತ್ತವೆ, ಪಾರಸಿಯರ ಕಾಲದಲ್ಲೂ ಸಿಗುತ್ತವೆ. ಯೋನತಾನ್ ಆಡ್ಲರ್ ಎಂಬ ಪುರಾತತ್ವಜ್ಞ ಇದನ್ನೆಲ್ಲ ಕೂಡಿಸಿ, ಸಾಮಾನ್ಯ ಜನ ಈ ಧರ್ಮಶಾಸ್ತ್ರವನ್ನು ಪಾಲಿಸಿದ್ದಕ್ಕೆ ಗಟ್ಟಿ ಸಾಕ್ಷಿ ಕ್ರಿ.ಪೂ. ಎರಡನೇ ಶತಮಾನಕ್ಕಿಂತ ಮೊದಲು ಸಿಗುವುದಿಲ್ಲ ಎಂದು ವಾದಿಸುತ್ತಾನೆ. ನನಗೆ ಅದು ಸ್ವಲ್ಪ ಅತಿ ಅನಿಸುತ್ತದೆ. ಎಲಿಫಂಟೈನ್ ಪತ್ರಗಳಲ್ಲೇ, ಕ್ರಿ.ಪೂ. 419ರಲ್ಲಿ, ಹುಳಿಯಿಲ್ಲದ ರೊಟ್ಟಿಯ ಹಬ್ಬಕ್ಕೆ ತಾರೀಖು ಹೇಳಿ ಕಳಿಸಿದ ಸೂಚನೆ ಒಂದಿದೆ. ಪುಸ್ತಕ ಇಲ್ಲದಿದ್ದರೂ ಹಬ್ಬ ಇತ್ತು.

ಕಡಲತಡಿ

ನಾನು ಮಂಗಳೂರಿನವನು. ಈ ಕಾನೂನಿನ ಒಂದು ಎಳೆ ನಮ್ಮೂರಿಗೂ ಬಂದಿದೆ.

ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಟುನೀಶಿಯಾ ಕಡೆಯಿಂದ ಬಂದು ಹದಿನೈದು ವರ್ಷಕ್ಕೂ ಜಾಸ್ತಿ ಇಲ್ಲಿದ್ದ. ಕೈರೋದ ಹಳೆಯ ಯೆಹೂದಿ ಸಭಾಮಂದಿರದ ಕೋಣೆಯಲ್ಲಿ ಸಿಕ್ಕ ಕಾಗದರಾಶಿಯಲ್ಲಿ ಅವನ ಪತ್ರಗಳಿವೆ. ಅದರಲ್ಲೊಂದು 1132ರ ಅಕ್ಟೋಬರಿನಲ್ಲಿ ಮಂಗಳೂರಲ್ಲೇ ಬರೆದದ್ದು. ಆಶು ಎಂಬ ದಾಸಿಗೆ ಅವನು ಕೊಟ್ಟ ಬಿಡುಗಡೆ ಪತ್ರ. ಪತ್ರ ಬರೆದೇ ಬಿಡುಗಡೆ ಕೊಡಬೇಕು ಎಂಬುದಕ್ಕೆ ರಬ್ಬಿಗಳು ಯಾಜಕಕಾಂಡ 19:20ರ ಆಧಾರ ಕೊಡುತ್ತಾರೆ. ಎಲ್ಲಿಯ ಸೀನಾಯಿ, ಎಲ್ಲಿಯ ಮಂಗಳೂರು!

ಸಂಜೆ_ಓದು ಅವರ ಪ್ರಶ್ನೆಗೆ ಇದೂ ಸೇರಬೇಕು. ಏಳನೇ ವರ್ಷದ ಬಿಡುಗಡೆ ಇಬ್ರಿಯರಿಗೆ ಮಾತ್ರ. ಪರದೇಶದವರನ್ನು ಶಾಶ್ವತವಾಗಿ ದಾಸರಾಗಿ ಇಟ್ಟುಕೊಳ್ಳಬಹುದು ಎಂದು ಯಾಜಕಕಾಂಡ 25:46ರಲ್ಲೇ ಇದೆ. ಜೂಬಿಲಿಯನ್ನು ಹೊಗಳುವವರು ಆ ಸಾಲನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಆಶುಗೆ ಬಿಡುಗಡೆ ಸಿಕ್ಕಿದ್ದು ಒಡೆಯ ಮನಸ್ಸು ಮಾಡಿದ್ದರಿಂದ. ಅವಳು ಎಷ್ಟು ವರ್ಷ ದುಡಿದಿದ್ದರೂ ಈ ಕಾನೂನು ಅವಳನ್ನು ತಾನಾಗಿ ಬಿಡಿಸುತ್ತಿರಲಿಲ್ಲ.

ಸಂಜೆ_ಓದು

ಕೇಳಿದ್ದು ಒಂದು, ಸಿಕ್ಕಿದ್ದು ಹತ್ತು. ಒಂದು ಅನುಮಾನ ಉಳಿದಿದೆ. ಯಾಜಕಕಾಂಡ ಧರ್ಮೋಪದೇಶಕಾಂಡಕ್ಕಿಂತ ಈಚಿನದು ಎಂದು ಗಟ್ಟಿಯಾಗಿ ಹೇಳಬಹುದಾ? ಪುಸ್ತಕದ ಸಾಲಿನಲ್ಲಿ ಅದೇ ಮೊದಲು ಬರುತ್ತದೆ. ಇನ್ನು, ಧರ್ಮೋಪದೇಶಕಾಂಡ 15ರ ಪ್ರಕಾರ ಏಳನೇ ವರ್ಷ ಸಾಲವೂ ಮನ್ನಾ ಅಂದರೆ ಆರನೇ ವರ್ಷ ಸಾಲ ಕೊಡುವ ಪುಣ್ಯಾತ್ಮ ಯಾರು?

ಕರಿಕೋಟು

ಸಾಲದ್ದು ನಾನು ಹೇಳುತ್ತೇನೆ. ಯಾರೂ ಕೊಡುತ್ತಿರಲಿಲ್ಲ. ಕೊಡದೆ ಇರಬೇಡಿ ಎಂದು ಧರ್ಮೋಪದೇಶಕಾಂಡ 15:9 ಗದರಿಸಿದ್ದೂ ಅದಕ್ಕೇ. ಕೊನೆಗೆ ಕ್ರಿ.ಪೂ. ಒಂದನೇ ಶತಮಾನದ ಕೊನೆಯ ಹೊತ್ತಿಗೆ ಹಿಲ್ಲೇಲ್ ಎಂಬ ಗುರು ದಾರಿ ಹುಡುಕಿದ. ಸಾಲ ಕೊಟ್ಟವನು ಸಾಲದ ಪತ್ರವನ್ನು ನ್ಯಾಯಸಭೆಗೆ ಒಪ್ಪಿಸಿಬಿಟ್ಟರೆ ಅದು ಖಾಸಗಿ ಸಾಲವಲ್ಲ, ಹಾಗಾಗಿ ಮನ್ನಾ ಆಗುವುದಿಲ್ಲ. ಇದಕ್ಕೆ ಪ್ರೊಸ್‌ಬುಲ್ ಎಂದು ಹೆಸರು. ಕಾನೂನಿನ ಒಂದಕ್ಷರವೂ ಅಳಿಸದೆ ಅದರ ಪರಿಣಾಮವನ್ನೇ ತೆಗೆದ. ನಮ್ಮ ಕಸುಬಿನವರು ಅವನ ಫೋಟೋ ಹಾಕಿಕೊಳ್ಳಬೇಕು.

ಹಳೇಕಲ್ಲು

ಮೊದಲನೆಯದಕ್ಕೆ ಗಟ್ಟಿ ಉತ್ತರ ಕೊಟ್ಟರೆ ಅರ್ಧ ವಿಶ್ವವಿದ್ಯಾಲಯ ಎದ್ದು ಬರುತ್ತದೆ. ವೆಲ್‌ಹೌಸೆನ್ ಎಂಬ ಜರ್ಮನ್ ವಿದ್ವಾಂಸ 1878ರಲ್ಲಿ ಪುರೋಹಿತರ ಕಾನೂನೇ ಕೊನೆಯದು ಎಂದ. ಬಾಬಿಲೋನಿನ ಸೆರೆಯಿಂದ ಬಂದ ಮೇಲೆ, ಯಾಜಕ ಎಜ್ರನು ಯೆರೂಸಲೇಮಿನಲ್ಲಿ ಜನರಿಗೆ ಓದಿ ಹೇಳಿದ ಕಾಲದ್ದು ಎಂದ. ವಿದ್ವಾಂಸ ಯೆಹೆಜ್ಕೇಲ್ ಕೌಫ್‌ಮನ್ ಇಲ್ಲ, ಅದು ಧರ್ಮೋಪದೇಶಕಾಂಡಕ್ಕಿಂತ ಮೊದಲಿನದು ಎಂದು ವಾದಿಸಿದ. ಈಗಲೂ ಎರಡು ಬಣ.

ನನಗೆ ಮುಖ್ಯ ಅನಿಸುವುದು ಮಾಂಸದ ನಿಯಮ. ಎತ್ತು, ಕುರಿ, ಮೇಕೆ ಯಾವುದನ್ನು ಕೊಯ್ದರೂ ದೇವದರ್ಶನದ ಗುಡಾರದ (ಪೂಜೆಯ ಡೇರೆಯ) ಮುಂದೆಯೇ ತರಬೇಕು ಎಂದು ಯಾಜಕಕಾಂಡ 17 ಹೇಳುತ್ತದೆ. ಊರಲ್ಲೇ ಕೊಯ್ಯಿರಿ ಎಂದು ಧರ್ಮೋಪದೇಶಕಾಂಡ 12. ಕೌಫ್‌ಮನ್ ಬಣ, ಕಟ್ಟುನಿಟ್ಟು ಮೊದಲು, ಸಡಿಲ ಆಮೇಲೆ ಅನ್ನುತ್ತದೆ. ಇನ್ನೊಂದು ಬಣ, ಸಡಿಲವನ್ನು ನೋಡಿ ಸಿಟ್ಟಾದ ಪುರೋಹಿತರು ಬಿಗಿ ಮಾಡಿದರು ಅನ್ನುತ್ತದೆ. ನಾನು ಎರಡನೆಯ ಕಡೆ. ಯಾಜಕಕಾಂಡ 25ರಲ್ಲಿ ಜೀತದವನು ಹೊರಡುವಾಗ ‘ಅವನೂ ಅವನ ಮಕ್ಕಳೂ’ ಎಂದು ಬಿಡಿಸಿ ಹೇಳಿದೆ. ವಿಮೋಚನಕಾಂಡದಲ್ಲಿ ಹೆಂಡತಿ ಮಕ್ಕಳನ್ನು ಉಳಿಸಿಕೊಂಡ ಯಜಮಾನನನ್ನು ಕಣ್ಣೆದುರು ಇಟ್ಟುಕೊಂಡವರು ಮಾತ್ರ ಹಾಗೆ ಬರೆಯಲು ಸಾಧ್ಯ.

ಗ್ರೇಸ್_ಟೀಚರ್

ಜೀತದವನ ಮಕ್ಕಳ ವಿಷಯ ಒಪ್ಪುತ್ತೇನೆ. ಮಾಂಸದ ವಿಷಯ ಒಪ್ಪುವುದಿಲ್ಲ. ಗುಡಾರ ಇದ್ದದ್ದು ಅರಣ್ಯದಲ್ಲಿ, ಜನ ಎಲ್ಲ ಸುತ್ತಲೇ ಇದ್ದಾಗ. ನಾಡು ಸೇರಿ ದೂರ ದೂರ ಹೋದ ಮೇಲೆ ಊರಲ್ಲೇ ಕೊಯ್ಯಿರಿ ಅಂದದ್ದು. 12:21ರಲ್ಲಿ ‘ಆ ಜಾಗ ನಿಮಗೆ ದೂರವಾದರೆ’ ಎಂದೇ ಬರೆದಿದೆಯಲ್ಲ ಸರ್.